ನಾಲ್ಕನೆಯ ಮೂಲೆ

ಹೆಲ್ಟರ್ಮಾ ಹಡಗುಕಟ್ಟೆಯಲ್ಲಿ ಟಿಕೆಟ್ ನೋಡುವವನು ನಾನು,
ಬಡಗಿಯಲ್ಲ. ಸಂಜೆ ಆರರ ಮೇಲೆ ಮಾತ್ರ
ಕಾರು ಹೊರಗೆ ಹಿಮದಲ್ಲಿ, ಅದರ ಜಾಗದಲ್ಲಿ ನಾನು;
ರೇಡಿಯೊ, ಒಂದು ಹೀಟರು, ಎಂಟು ಪೈನ್ ಹಲಗೆ.

ತಂಗಿಯ ಮಗಳು ಹೆಲೆರಿಯ ಮದುವೆಗೊಂದು ಪೆಟ್ಟಿಗೆ,
ಕಂಬಳಿ ಇಡುವಂಥದ್ದು, ಮುಚ್ಚಳ ಭಾರದ್ದು.
ಮೂಲೆಗಳಲ್ಲಿ ಮೊಳೆ ಕೂಡದು: ಹಲಗೆ ಹಲಗೆಯನ್ನು
ಹಲ್ಲು ಕಚ್ಚಿ ಹಿಡಿಯಬೇಕು. ನಮ್ಮ ದ್ವೀಪದಲ್ಲಿ
ಆ ಹಲ್ಲಿಗೆ ಮೀನಬಾಲ ಅನ್ನುತ್ತಾರೆ.

ಮೊದಲ ಮೂಲೆಯ ಮೀನು ಸತ್ತೇ ಹುಟ್ಟಿತು.
ಎರಡನೆಯದರ ಸಂದಿನಲ್ಲಿ ಹಳೆಯ ಟಿಕೆಟ್ ತೂರಿಸಬಹುದು,
ತೂರಿಸಿ ನೋಡಿದ್ದೇನೆ.
ಮೂರನೆಯದಕ್ಕೆ ಅಂಟಿನಲ್ಲಿ ಮರದ ಹೊಟ್ಟು ಕಲಸಿ ಮೆತ್ತಿ
ದೂರ ನಿಂತು, ಕನ್ನಡಕ ತೆಗೆದು,
ಪರವಾಗಿಲ್ಲ ಅಂದುಕೊಂಡೆ.

ಆಗ ಬಂದಳು ಪಕ್ಕದ ಮನೆಯ ಲೇಯ್ದಾ, ಮೊಟ್ಟೆ ಕೊಡಲು.
ಎಪ್ಪತ್ತಾರು ವಯಸ್ಸು. ಕೋಟು ಕೂಡ ಬಿಚ್ಚಲಿಲ್ಲ.
ಮೊಟ್ಟೆಯ ಡಬ್ಬವನ್ನು ಹೀಟರಿನಿಂದ ದೂರ ಇಟ್ಟು
ಗರಗಸ ಎತ್ತಿಕೊಂಡಳು, ಹಲ್ಲಿನ ಮೇಲೆ ಹೆಬ್ಬೆರಳು ಎಳೆದಳು,
ಮಕ್ಕಳ ಉಗುರು ನೋಡುವ ಟೀಚರಿನಂತೆ
ನನ್ನ ಮುಖ ನೋಡಿದಳು.
ಅಳೆಯಲಿಲ್ಲ. ಪೆನ್ಸಿಲ್ ಕೇಳಲಿಲ್ಲ.
ರೇಡಿಯೊದಲ್ಲಿ ವಾರ್ತೆ ಬಂತು, ಹೋಯಿತು, ಮತ್ತೆ ಬಂತು.
ಕೊಡತಿಯ ಕೊನೆಯ ಪೆಟ್ಟಿಗೆ
ನಾಲ್ಕನೆಯ ಮೂಲೆ ಟಪ್ ಎಂದು ಕೂತಿತು,
ಯಾರೋ ಒಳಗಿನಿಂದ ಬಾಗಿಲು ಹಾಕಿಕೊಂಡ ಹಾಗೆ.

ಅವಳ ಗಂಡ ದೋಣಿ ಕಟ್ಟುತ್ತಿದ್ದ. ಆ ದೋಣಿಗಳನ್ನು
ಊರು ಇವತ್ತಿಗೂ ಅವನ ಹೆಸರಿಂದಲೇ ಕರೆಯುತ್ತದೆ.
ಗರಗಸದ ಇನ್ನೊಂದು ತುದಿ ಯಾರ ಕೈಲಿತ್ತು ಅಂತ
ನಾನೂ ಕೇಳಿರಲಿಲ್ಲ,
ಮೂವತ್ತು ವರ್ಷ ಅವಳ ಕೋಳಿಯ ಮೊಟ್ಟೆ ತಿಂದೂ.

ಮದುವೆಯ ದಿನ, ಉಡುಗೊರೆಗಳ ಮೇಜಿನ ಪಕ್ಕ,
ಎಲ್ಲರ ಕೈಯೂ ಹೋಗಿದ್ದು ಅದೊಂದೇ ಮೂಲೆಗೆ.
ಕೈಗಳಿಗೆ ಹೇಗೋ ಗೊತ್ತಾಗುತ್ತದೆ.
ಗಂಡಿನ ಕಡೆಯ ಹಿರಿಯ, ತಾಲಿನ್‌ನಿಂದ ಬಂದವನು,
ಬೆರಳಲ್ಲಿ ಸವರಿ ಸವರಿ, ಸಂದೇ ಸಿಗದೆ,
"ಇದು ನೀನೇ ಮಾಡಿದ್ದಾ?" ಅಂದ.

ಹೂಂ ಅಂದೆ.

ಒಂದೇ ಅಕ್ಷರ. ನನ್ನ ಜನ್ಮದಲ್ಲಿ ನಾನು ಕೂರಿಸಿದ ಯಾವುದೂ
ಅಷ್ಟು ಬಿಗಿಯಾಗಿ ಕೂತಿರಲಿಲ್ಲ. ಟಿಕೆಟ್ ತೂರಿಸಲೂ
ಜಾಗವಿಲ್ಲ. ಆಮೇಲೆ ಬಿಚ್ಚಲು ಬರಲಿಲ್ಲ.

ಲೇಯ್ದಾ ಎರಡು ಕುರ್ಚಿ ಆಚೆ ಕೇಕು ತಿನ್ನುತ್ತಿದ್ದಳು.
ಕೇಳಿಸಿತೋ ಇಲ್ಲವೋ. ಹೊರಡುವಾಗ, ಕೋಟಿನ ಗುಂಡಿ ಹಾಕುತ್ತ,
ಮೂರನೆಯ ಮೂಲೆಯ ಆ ಮೆತ್ತಿದ ಜಾಗ ತಟ್ಟಿ
"ಇದು ನಿನ್ನದು. ಬಾಗಿಲಲ್ಲೇ ಗುರುತು ಸಿಕ್ಕಿತು" ಅಂದಳು.
ಬೈದಳೋ ಹೊಗಳಿದಳೋ,
ಐದು ತಿಂಗಳಿಂದ ಕೂಡಿ ಕಳೆಯುತ್ತಿದ್ದೇನೆ.

ಮೊನ್ನೆ ಕ್ಯಾರ್ದ್ಲಾಕ್ಕೆ ಹೋಗಿದ್ದೆ, ಹೆಲೆರಿಯ ಮನೆಗೆ.
ಬಾಗಿಲು ತೆರೆಯಲು ಅಡ್ಡ ಅಂತ ಪೆಟ್ಟಿಗೆ ತಿರುಗಿಸಿಟ್ಟಿದ್ದಾರೆ:
ಒಳ್ಳೆಯ ಮೂಲೆ ಗೋಡೆಗೆ,
ನನ್ನವೆರಡು ಊರಿಗೆಲ್ಲ ಕಾಣುವಂತೆ.
ನಗು ಬಂತು. ಅವಳು ಕಾಫಿಗೆ ನೀರಿಡಲು ಹೋದಾಗ
ಮುಚ್ಚಳ ಎತ್ತಿ, ಕಂಬಳಿ ಸರಿಸಿ,
ಗೋಡೆ ಕಡೆಯ ಮೂಲೆಗೆ ಒಳಗಿನಿಂದ ಪೆನ್ಸಿಲ್ ಇಟ್ಟೆ.
ಹಿಡಿಯಲಿಲ್ಲ.
ಒಳಗೆ ಹಚ್ಚಬಾರದು ಅಂತ ಗೊತ್ತಿಲ್ಲದೆ
ಮೂರು ಸಲ ಅಗಸೆ ಎಣ್ಣೆ ಉಜ್ಜಿದವನು ನಾನು.
ಕಂಬಳಿಗೆಲ್ಲ ಅದೇ ವಾಸನೆ.
ಆ ಕೆಲಸ, ನೋಡಿ, ಅಪ್ಪಟ ನನ್ನದು.

ಆದರೆ ಪೈನು ಮೆತ್ತಗಿನ ಮರ. ಉಗುರು ಸಾಕು.
ಅವಳ ಹೆಸರಿನ ಮೊದಲ ಅಕ್ಷರ ನಮ್ಮ ಲಿಪಿಯಲ್ಲಿ ಎರಡೇ ಗೀರು:
ಮೇಲಿಂದ ಕೆಳಕ್ಕೆ ಒಂದು,
ಅಲ್ಲಿಂದ ಬಲಕ್ಕೆ ಒಂದು.
ಎರಡನೆಯದು ಸ್ವಲ್ಪ ಸೊಟ್ಟ.

"ಹಾಲು ಹಾಕಲಾ ಮಾವ?" ಒಳಗಿನಿಂದ ಕೂಗಿದಳು.
ಕಂಬಳಿ ಮೊದಲಿನಂತೆ ಮಡಿಸಿಟ್ಟು
ಹೂಂ ಅಂದೆ.