ಹನ್ನೊಂದನೆಯ ಬಲ್ಬು

ಹನ್ನೊಂದು ಬಲ್ಬು, ಒಂದು ಬಿಳಿ ಡಬ್ಬಿ,
ಬಾಗಿಲ ಚೌಕಟ್ಟಿಗೆ ಹೆಬ್ಬೆರಳಷ್ಟು ಸೆನ್ಸರು,
ಒಟ್ಟು ನಾಲ್ಕು ಸಾವಿರದ ಇನ್ನೂರು ಕ್ರೋನ.
ಬಿಲ್ಲಿನ ಮಾತು ಐಲಿಫ್ ಎತ್ತಲಿಲ್ಲ,
ಕೋಟಿನ ಒಳಜೇಬಿನಲ್ಲಿ ನನಗೇ ಸಿಕ್ಕಿತು.

ಶನಿವಾರ ಇಡೀ ಏಣಿಯ ಮೇಲಿದ್ದ.
ಪ್ರತಿ ಬಲ್ಬಿಗೂ ಹೆಸರಿಡಬೇಕಂತೆ,
ಇಲ್ಲದಿದ್ದರೆ ಕರೆದರೆ ಓಗೊಡವಂತೆ.
ಮಗಳ ಹೆಸರಿಗೆ ಆರು ವಾರ ತಿಣುಕಿದ ಮನುಷ್ಯ
ಅರ್ಧ ಗಂಟೆಯಲ್ಲಿ ಮುಗಿಸಿದ:
ಒಲೆ, ಕಿಟಕಿ, ಮೆಟ್ಟಿಲು, ಅಜ್ಜಿಯ ಕುರ್ಚಿ...
ಕೊನೆಯದಕ್ಕೆ ಏನೂ ಹೊಳೆಯದೆ
'ಹನ್ನೊಂದು' ಎಂದೇ ಬಿಟ್ಟ.
ಅದು ನನ್ನ ಮಂಚದ ಪಕ್ಕದ್ದು.

ಆಮೇಲೆ ಗೋಡೆಯ ಸ್ವಿಚ್ಚುಗಳಿಗೆಲ್ಲ ನೀಲಿ ಟೇಪು.
"ಇವನ್ನು ಮುಟ್ಟಬೇಡ ರಾಗ್ನಿ,
ಒತ್ತಿದರೆ ಬಲ್ಬಿಗೆ ಬುದ್ಧಿ ಹೋಗುತ್ತದೆ."
ಮೂವತ್ತೊಂದು ವರ್ಷ ಕತ್ತಲಲ್ಲಿ ತಡವಿ
ಒಮ್ಮೆಯೂ ತಪ್ಪದೆ ಅಲ್ಲಿಗೆ ತಲುಪಿದ
ನನ್ನ ಕೈಗೇನು ಬುದ್ಧಿ ಇರಲಿಲ್ಲವೆ?

ಸೂರ್ಯ ಮುಳುಗಿದೊಡನೆ ದೀಪ ಹತ್ತಲಿ:
ಇದು ಅವನು ಬರೆದ ಮೊದಲ ನಿಯಮ.
ಅಕ್ಟೋಬರ್ ತಿಂಗಳೆಲ್ಲ ದೀಪಗಳು ಒಳ್ಳೆಯ ಮಕ್ಕಳು.
ಅವನು ರಿಗ್ಗಿಗೆ ಹೋದ, ಎರಡು ವಾರ ಕಡಲು.
ನವೆಂಬರ್ ಕೊನೆಗೆ
ನಮ್ಮ ಟ್ರೊಮ್ಸೋದಲ್ಲಿ ಸೂರ್ಯ ಹುಟ್ಟುವುದನ್ನೇ ಬಿಡುತ್ತಾನೆ.
ಹುಟ್ಟದವನು ಮುಳುಗುವುದೆಲ್ಲಿ?
ನಿಯಮ ಕಾಯುತ್ತ ಕೂತಿತು.
ಮಧ್ಯಾಹ್ನ ಎರಡಕ್ಕೆ ಕಪ್ಪು, ನಾಲ್ಕಕ್ಕೆ ಕಪ್ಪು.
ಊರಿನ ಕಿಟಕಿಗಳಲ್ಲೆಲ್ಲ ಕಾಗದದ ನಕ್ಷತ್ರ,
ನಮ್ಮದೊಂದು ಮನೆ ಬಾಯಿ ಹೊಲಿದುಕೊಂಡಂತೆ.
ದೀಪದ ಬುಡದಲ್ಲಿ ಕತ್ತಲೆ ಅಂತಾರೆ,
ಇಲ್ಲಿ ತಲೆಯ ಮೇಲೂ.

ಫೋನಿನಲ್ಲಿ ಐಲಿಫ್ ಕೆಮ್ಮು ಬರುವಷ್ಟು ನಕ್ಕ.
"ಈ ಲೆಕ್ಕ ಬರೆದವನು ನಮ್ಮೂರು ನೋಡಿಲ್ಲ ಕಣೇ.
ಇರು, ನಾನೇ ಹಚ್ಚುತ್ತೇನೆ."

ಅಂದಿನಿಂದ, ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ
ಹಿಮ ಒದರಿಕೊಳ್ಳುತ್ತ ಬೀದಿ ತಿರುಗಿದರೆ
ಏಳೂ ನಲವತ್ತಕ್ಕೆ 'ಒಲೆ' ಉರಿಯುತ್ತಿತ್ತು.
"ಗಂಡ ಬಂದನೇ?" ಎಂದಳು ಪಕ್ಕದ ಓಡ್ರುನ್.
ಇಲ್ಲ, ಎಂದೆ.
ಹೌದು ಎನ್ನಬಹುದಿತ್ತೋ ಏನೋ.

ಆದರೆ ಸೆನ್ಸರಿಗೆ ಗುಟ್ಟು ನಿಲ್ಲದು.
"ನಿನ್ನೆ ಮೂರು ಗಂಟೆಗೆ ಬಾಗಿಲು ತೆಗೆದಿದ್ದೆಯಾ?"
ತೆಗೆದಿದ್ದೆ. ಸುಮ್ಮನೆ.
ಹೊಸ್ತಿಲಲ್ಲಿ ಕಂಬಳಿ ಹೊದ್ದು ನಿಂತಿದ್ದೆ,
ಆ ದಿನ ವಾರ್ಡಿನಲ್ಲಿ ಒಬ್ಬ ಹುಡುಗ ಹೋಗಿದ್ದ.
ಇದನ್ನು ಯಾವ ನಿಯಮದಲ್ಲಿ ಬರೆಯುವುದು?

ಮಲಗುವ ಮನೆಯ ಟೇಪು ಕಿತ್ತೆ.
ಒತ್ತಿದೆ.
ಟಕ್.
ಎಷ್ಟು ದಿನವಾಗಿತ್ತು ಆ ಸದ್ದು ಕೇಳಿ.

ಅತ್ತ ಕಡಲಿನಲ್ಲಿ ಅವನ ಫೋನು ಹೇಳಿತಂತೆ,
'ಹನ್ನೊಂದು ಸಂಪರ್ಕಕ್ಕೆ ಸಿಗುತ್ತಿಲ್ಲ.'
ಕಾಫಿ ಆರುವವರೆಗೂ ಆ ಸಾಲನ್ನೇ ನೋಡಿದೆ
ಎಂದ, ಬಹಳ ದಿನಗಳ ಮೇಲೆ.
ಆಗ ಮಾತ್ರ ಫೋನು ಮಾಡಲಿಲ್ಲ.
ಅದಕ್ಕೆ ಅವನಿಗೊಂದು ನಮಸ್ಕಾರ.

"ಹಾಕಿಸಿದ್ದು ಲಾಭವೇ?" ಓಡ್ರುನ್‌ಗೆ ಲೆಕ್ಕ ಬೇಕು.
ಕರೆಂಟು ತಿಂಗಳಿಗೆ ಹನ್ನೆರಡು ಕ್ರೋನ ಉಳಿತಾಯ,
ಹೀಗೇ ಹೋದರೆ ಹಾಕಿದ ದುಡ್ಡು ಮರಳುವಾಗ
ನನಗೆ ಎಂಬತ್ತೇಳು.

ಜನವರಿಯ ನಡುವೆ ಒಂದು ದಿನ
ರೊಟ್ಟಿಗೆ ಬೆಣ್ಣೆ ಸವರುತ್ತಿದ್ದೆ, ನಡುಮಧ್ಯಾಹ್ನ.
ಹಠಾತ್ತನೆ ಮನೆಯ ದೀಪಗಳೆಲ್ಲ ಹತ್ತಿಕೊಂಡವು.
ಏನಾಯಿತೆಂದು ಕಿಟಕಿಗೆ ಓಡಿದೆ,
ದಕ್ಷಿಣಕ್ಕೆ ಬೂದುಗುಲಾಬಿ ಬಿಟ್ಟರೆ ಏನಿಲ್ಲ.
ಆಮೇಲೆ ಹೊಳೆಯಿತು:
ಗುಡ್ಡಗಳಾಚೆ, ಯಾರ ಕಣ್ಣಿಗೂ ಬೀಳದೆ,
ಅವನು ಒಂದಿಷ್ಟು ಹೊತ್ತು ತಲೆಯೆತ್ತಿ ಮುಳುಗಿದ್ದ.
ನಿಯಮಕ್ಕೆ ಎಂಟು ವಾರಗಳ ಮೇಲೆ ಕೆಲಸ ಸಿಕ್ಕಿತ್ತು.

ಊರು ಸೂರ್ಯನ ಬನ್ನು ತಿನ್ನಲು ಇನ್ನೂ ಆರು ದಿನ.
ನಾನು ಆಗಲೇ ಬೇಕರಿಗೆ ಹೋದೆ,
ಇನ್ನೂ ಮಾಡಿಲ್ಲ ಎಂದರು.
ಯಾರಿಗೂ ಹೇಳಲಿಲ್ಲ.
ಐಲಿಫ್‌ಗೆ ಹೇಳಬೇಕಾಗಿರಲಿಲ್ಲ,
ಅವನಿಗೆ ತಿಳಿದಿರುತ್ತದೆ.

ಹನ್ನೊಂದು ಮಾತ್ರ ಹತ್ತಲಿಲ್ಲ.
ಅದರ ನೀಲಿ ಟೇಪು ವ್ಯರ್ಥವಾಗಿಲ್ಲ,
ಆ ಬಿಲ್ಲನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.