ಸುಣ್ಣದ ಡಬ್ಬಿ

ಮೂಳೆಯ ಸಾಂದ್ರತೆ ಕಮ್ಮಿ ಉಂಟು ಎಂದು
ಮಣಿಪಾಲದ ಎಳೆ ಡಾಕ್ಟರು ಕಾಗದ ಮಡಚಿ ಕೊಟ್ಟ ದಿನ
ಕಲ್ಯಾಣಪುರದ ಸೇತುವೆಯ ಮೇಲೆ ಬಸ್ಸು ನಿಂತುಬಿಟ್ಟಿತು.
ಕೆಳಗೆ ಇಳಿತದ ಹೊಳೆ.
ಸೊಂಟಮಟ್ಟ ನೀರಲ್ಲಿ ಹೆಂಗಸರು
ಪಾದದಿಂದಲೇ ತಡವಿ ತಡವಿ ಮರುವಾಯಿ ಹೆಕ್ಕುತ್ತಿದ್ದರು.
ನನಗೆ ನಲವತ್ತೇಳು.
ಒಳಗೆಲ್ಲೋ ಹಳೆ ಗೋಡೆಯ ಗಾರೆ
ಸದ್ದಿಲ್ಲದೆ ಉದುರುತ್ತಿದೆಯಂತೆ.

ಮಾತ್ರೆ ಹಿಡಿಸಲಿಲ್ಲ, ಹೊಟ್ಟೆ ಕಲ್ಲಾಯಿತು.
ಬೇಲಿಯಾಚೆ ಸೆವ್ರಿನ್ ಬಾಯಮ್ಮ
ಕೇಕಿಗೆ ಮೊಟ್ಟೆ ಒಡೆಯುತ್ತಾ ನಕ್ಕರು:
"ಎಂಥ ಮಾರಾಯ್ತಿ,
ನಾನು ಗುಲಾಬಿ ಬುಡಕ್ಕೆ ಬಿಸಾಡುವುದನ್ನೇ
ಅವರು ನಿನಗೆ ಡಬ್ಬಿಯಲ್ಲಿ ಮಾರುವುದು."
ಅವರೇ ಕುದಿಸಿದರು, ಒಳಗಿನ ಪೊರೆ ಸುಲಿದರು,
ಬಿಸಿಲಿಗೆ ಹಾಕಿ, ಮಿಕ್ಸಿಯಲ್ಲಿ ಕಿರುಗುಟ್ಟಿಸಿ,
ಮಲ್ಲು ಬಟ್ಟೆಯಲ್ಲಿ ಜರಡಿ ಹಿಡಿದರು.
ಬೇಲಿಯ ಕಂಡಿಯಲ್ಲಿ ಕೈ ಬದಲಿಸಿತು
ಒಂದು ಮುಷ್ಟಿ ಬಿಳಿ ಹುಡಿ.

ನಮ್ಮ ಅತ್ತೆ ಅಂಬುಜಾಕ್ಷಿ ಏನನ್ನೂ ಬಿಸಾಡಿದವರಲ್ಲ.
ಹೀರೆಯ ಸಿಪ್ಪೆ ಚಟ್ನಿಗೆ,
ಕಲ್ಲಂಗಡಿಯ ಬಿಳಿ ತಿರುಳು ದೋಸೆಗೆ,
ಬಾಳೆಕಾಯಿ ಸಿಪ್ಪೆ ಪಲ್ಯಕ್ಕೆ, ದಾಳಿಂಬೆಯದ್ದು ತಂಬುಳಿಗೆ.
ಉಳಿದರೆ ಅಕ್ಕಚ್ಚಿಗೆ. ದನ ಮಾರಿ ಹನ್ನೊಂದು ವರ್ಷ,
ಅಕ್ಕಚ್ಚಿನ ಬಾಲ್ದಿ ಮಾತ್ರ ಇನ್ನೂ ಇದೆ.
"ಸತ್ವ ಇರುವುದೇ ಸಿಪ್ಪೆಯಲ್ಲಿ" ಅನ್ನುವ
ಈ ಮಡಿಯ ಅಡುಗೆಮನೆಯೊಳಗೆ
ಸೆರಗಿನಡಿ ನಾನು ತಂದದ್ದು
ಕೋಳಿಮೊಟ್ಟೆಯ ಓಡು.

ಖಾಲಿ ಸುಣ್ಣದ ಡಬ್ಬಿಯಲ್ಲಿಟ್ಟೆ. ಅದೇ ತಪ್ಪಾಯಿತು.

ಮಧ್ಯಾಹ್ನ ಊಟ ಮುಗಿಸಿ ಅತ್ತೆ
ಚಿಟಿಕೆ ಹುಡಿ ನೀರಲ್ಲಿ ಕಲಸಿ ಎಲೆಯ ಬೆನ್ನಿಗೆ ಸವರಿ,
ಅಡಿಕೆ ಇಟ್ಟು, ಮಡಚಿ, ಜಗಿದರು.
ಜಗಿದರು.
ಕನ್ನಡಿಯ ಮುಂದೆ ನಾಲಿಗೆ ಚಾಚಿದರು.
ಕೆಂಪಿಲ್ಲ.
"ಇದು ಕಚ್ಚುವುದೇ ಇಲ್ಲವಲ್ಲ!
ಬೆಂಕಿ ಕಂಡ ಸುಣ್ಣ ಅಲ್ಲ ಇದು. ಯಾವುದರ ಚಿಪ್ಪು?"

ನಾನು ಮಾತಾಡಲಿಲ್ಲ.
ಬೇಲಿಯಾಚೆ ಹುಂಜ ಮಾತಾಡಿತು,
ಹೊತ್ತಲ್ಲದ ಹೊತ್ತಲ್ಲಿ.

ಅತ್ತೆ ಬಾಯಿ ಮುಕ್ಕಳಿಸಿದರು, ಏಳು ಸಲ.
ಎಣಿಸಿದೆ.
ಆಮೇಲೆ ಮೆಟ್ಟಿಲಲ್ಲಿ ಕೂತು, ನನಗಲ್ಲ ಎಂಬಂತೆ,
"ತವರಿನಲ್ಲಿ ಹೊಳೆಬದಿಗೆ ಸುಣ್ಣದ ಗೂಡಿತ್ತು.
ಬುಟ್ಟಿ ಬುಟ್ಟಿ ಮರುವಾಯಿ ಚಿಪ್ಪು,
ಒಳಗೆ ಇನ್ನೂ ಮಾಂಸದ ಎಳೆ, ನೊಣ, ನಾತ.
ಅಪ್ಪ ಅದೇ ಸುಣ್ಣ ಎಲೆಗೆ ಹಚ್ಚಿ
ಪೂಜೆಗೆ ಹೊರಡುತ್ತಿದ್ದರು.
ಬೆಂಕಿ ಮುಟ್ಟಿದ ಮೇಲೆ ಮಡಿಯೋ,
ಹೆಸರು ಬದಲಾದ ಮೇಲೆ ಮಡಿಯೋ,
ಯಾರು ಕೇಳಿದ್ದು?"

ಮರುದಿನ ಡಬ್ಬಿ ಅಲ್ಲೇ ಇತ್ತು,
ಎಲೆತಟ್ಟೆಯಿಂದ ಒಂದು ಗೇಣು ಆಚೆ.
ಮುಚ್ಚಳಕ್ಕೆ ಕೆಂಪು ನೂಲು ಸುತ್ತಿತ್ತು, ಬೇರೆ ಎಂದು ತಿಳಿಯಲು.

ಈಗ ದಿನಾ ಹುಳಿಮಜ್ಜಿಗೆಗೆ ಅರ್ಧ ಚಿಟಿಕೆ.
ಲೋಟಕ್ಕೆ ಕಿವಿಯಿಟ್ಟರೆ ತಳದಲ್ಲಿ
ಸಣ್ಣಗೆ ಗುಳ್ಳೆಯೊಡೆಯುವ ಸದ್ದು.
ಅತ್ತೆ ಗೋಡೆಯ ಕಡೆ ತಿರುಗಿ ಕೂರುತ್ತಾರೆ,
ನಾನು ಕುಡಿದು ಮುಗಿಸುವವರೆಗೆ.
ಹಲ್ಲಿನ ಸಂದಿಯಲ್ಲಿ ಸ್ವಲ್ಪ ಮರಳು ಉಳಿಯುತ್ತದೆ.