ಬೆಸ ಲೆಕ್ಕ

ಜನವರಿ. ಲಿಯೆಪಾಯಾದಲ್ಲಿ ಒಂಬತ್ತಕ್ಕೆ ಬೆಳಕು,
ನಾಲ್ಕಕ್ಕೆ ಮತ್ತೆ ಕತ್ತಲೆ.
ನಡುವೆ ನಾನು, ಟ್ರಾಮಿನ ಚುಕ್ಕಾಣಿಯಲ್ಲಿ,
ಈ ತುದಿಯಿಂದ ಆ ತುದಿ, ಆ ತುದಿಯಿಂದ ಈ ತುದಿ.
ಊರಿಗಿರುವುದು ಒಂದೇ ಮಾರ್ಗ. ದಾರಿ ತಪ್ಪುವ ಭಾಗ್ಯ
ಇಪ್ಪತ್ತಮೂರು ವರ್ಷದಲ್ಲಿ ನನಗೆ ಸಿಕ್ಕಿಲ್ಲ.

ರಾತ್ರಿ, ಐದನೆಯ ಮಹಡಿ, ಅಡುಗೆಮನೆಯ ಮೇಜು.
ಗಾಜಿನ ಸಣ್ಣ ಕೊಳವೆಯಲ್ಲಿ ಇಪ್ಪತ್ತು ಯೂಸ್ಟೊಮಾ ಬೀಜ.
ಬೀಜವೆಂದರೆ, ಸಾಸಿವೆ ಇದರ ಮುಂದೆ ಕುಂಬಳಕಾಯಿ.
ಜೇಡಿಮಣ್ಣಿನ ಅಂಗಿ ತೊಡಿಸಿ ಕಳಿಸಿದ್ದಾರೆ,
ಇಲ್ಲದಿದ್ದರೆ ಕಣ್ಣಿಗೆ ಬೀಳುವ ಮೊದಲೇ ಉಸಿರಿಗೆ ಹಾರುತ್ತಿತ್ತು.
ಹಲ್ಲುಕಡ್ಡಿಯ ತುದಿಯನ್ನು ನಾಲಿಗೆಗೆ ತಾಗಿಸಿ
ಒಂದೊಂದನ್ನೇ ಎತ್ತಬೇಕು.
ಹೂಳಬಾರದು, ಮುಚ್ಚಬಾರದು; ಮಣ್ಣಿನ ಮೇಲೆ ಇಡಬೇಕು, ಅಷ್ಟೆ.
ಮೊಳೆಯಲಿಕ್ಕೂ ಬೆಳಕು ಬೇಕಂತೆ ಅದಕ್ಕೆ.

ಕೇಕು ತಂದ ಪ್ಲಾಸ್ಟಿಕ್ ಡಬ್ಬಿಯೇ ಗಾಜಿನ ಮನೆ.
ಮೇಲೊಂದು ನೇತುಹಾಕಿದ ನೇರಳೆ ದೀಪ.
ಬೀದಿಯಿಂದ ನೋಡಿದರೆ ನನ್ನ ಕಿಟಕಿ
ಏನೋ ಕೆಟ್ಟ ಕಸುಬು ನಡೆಯುವ ಜಾಗದಂತೆ ಕಾಣುತ್ತದಂತೆ.
ಹೇಳಿದವರು ನಾಲ್ಕನೆಯ ಮಹಡಿಯ ಅರ್ವೀಡ್ಸ್,
ಗಡಿಯಾರ ರಿಪೇರಿಯವರು. ಎಂಟು ವರ್ಷದಿಂದ ನಮ್ಮಿಬ್ಬರ ನಡುವೆ
ನನ್ನ ನಲ್ಲಿ ಸೋರಿ ಅವರ ಸೂರಿನಲ್ಲಾದ ಕಲೆಯ ಜಗಳ.

ಹನ್ನೆರಡನೆಯ ದಿನ ಹಸಿರು.
ಹಸಿರೆನ್ನುವುದೂ ದೊಡ್ಡ ಮಾತೇ.
ಪೂರ್ಣವಿರಾಮಕ್ಕೆ ಎರಡು ಕಿವಿ.
ಆಮೇಲೆ ಎರಡು ತಿಂಗಳು ಹಾಗೇ ಕೂತಿತು,
ಕರೆಯದೆ ಬಂದ ನೆಂಟನಂತೆ
ಕುರ್ಚಿಯ ಅಂಚಿನಲ್ಲಿ, ಕೋಟೂ ಬಿಚ್ಚದೆ.
ಬೇರು ಇಳಿಸುತ್ತಿರುತ್ತದೆ, ಅನ್ನುತ್ತಾರೆ ಬಲ್ಲವರು.
ಇರಬಹುದು. ನಾನು ಕಂಡದ್ದು ಪಾಚಿ, ಕರಿಯ ಗುಂಗುರು ನೊಣ,
ಒಂದು ಬೆಳಗ್ಗೆ ಬುಡ ಕೊಳೆತು ಮಲಗಿದ ನಾಲ್ಕು.
ಹದಿನಾರು.

ಮಾರ್ಚ್‌ನಲ್ಲಿ ಪಿತ್ತಕೋಶ ತೆಗೆಸಲು ಆಸ್ಪತ್ರೆ, ಆರು ದಿನ.
ಬೀಗದ ಕೈ ಯಾರಿಗೆ ಕೊಡಲಿ? ಅಕ್ಕ ಐರ್ಲೆಂಡಿನಲ್ಲಿ ಅಣಬೆ ಕೀಳುತ್ತಾಳೆ.
ಎದುರು ಮನೆಯವಳು ಪಾಪಾಸುಕಳ್ಳಿಯನ್ನೂ ಕೊಂದವಳು.
ಕಲೆಯ ಕೆಳಗೆ ನಿಂತು ಅರ್ವೀಡ್ಸ್‌ಗೆ ಹೇಳಿದೆ:
ನೀರು ತಳದಿಂದ, ಚಮಚದಲ್ಲಿ. ಎಲೆಗೆ ಸೋಕಬಾರದು.
ಅವರು ಸೂರು ನೋಡುತ್ತ ಅಂದರು,
"ನೀರಿನ ವಿಷಯ! ನೀವು! ನನಗೆ!"

ಮರಳಿ ಬಂದರೆ ಡಬ್ಬಿ ಖಾಲಿ. ಎದೆ ಧಸಕ್ಕೆಂದಿತು.
ಆಮೇಲೆ ಕಂಡವು, ಕಿಟಕಿಯಂಚಿಗೆ ಮೊಸರಿನ ಖಾಲಿ ಕಪ್ಪುಗಳು,
ಕಪ್ಪಿಗೊಂದು ಸಸಿ, ನೆಟ್ಟಗೆ.
ಬೇರು ಹೆಣೆದುಕೊಂಡಿದ್ದವಂತೆ. ಬಿಡಿಸಿದರಂತೆ,
ಗಡಿಯಾರದ ಮುಳ್ಳೆತ್ತುವ ಚಿಮಟದಲ್ಲಿ,
ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ, ಎರಡು ರಾತ್ರಿ.
"ಒಂದು ಮುರಿಯಿತು," ಅಂದರು. ನನ್ನ ಮುಖ ನೋಡಲಿಲ್ಲ.
"ಕೈ ಈಗ ಮೊದಲಿನ ಹಾಗಿಲ್ಲ."
ಹದಿನೈದು.

ಮೇ ತಿಂಗಳಲ್ಲಿ ಹೊರಗಿನ ಗಾಳಿಯ ರೂಢಿ.
ಮೊದಲ ದಿನ ಹತ್ತು ನಿಮಿಷ, ಮರುದಿನ ಇಪ್ಪತ್ತು.
ಆದರೆ ಈ ಊರಿನ ಗಾಳಿಗೆ ರೂಢಿ ಮಾಡಿಸುವವರು ಯಾರು?
ಒಂದು ಸಂಜೆ ಸಮುದ್ರದ ಕಡೆಯಿಂದ ಬಂದು
ಬಾಲ್ಕನಿಯಲ್ಲಿ ಒಂಬತ್ತನ್ನು ಒರೆಸಿಹೋಯಿತು.
ಆರು.

ಆಗಸ್ಟಿನಲ್ಲಿ ಆರೂ ಬಿರಿದವು, ಗಿಡಕ್ಕೊಂದೇ ಹೂ.
ಪೊಟ್ಟಣದ ಚಿತ್ರದಲ್ಲಿ ನೀಲಿ. ನನಗೆ ಬಂದದ್ದು
ಹಾಲಿಗೆ ಒಂದು ಹನಿ ಬೀಟ್‌ರೂಟು ಬಿದ್ದ ಬಣ್ಣ.
ಇರಲಿ. ಹಿಡಿಯಲು ಹೋದರೆ
ನನ್ನ ಬೆರಳು ಇಷ್ಟು ಒರಟೆಂದು ಅವತ್ತೇ ಗೊತ್ತಾದದ್ದು.

ನಮ್ಮಲ್ಲಿ ಬದುಕಿದವರಿಗೆ ಬೆಸ, ಸತ್ತವರಿಗೆ ಸಮ.
ಆರು ಹೂ ಹಿಡಿದು ಯಾರ ಬಾಗಿಲನ್ನೂ ತಟ್ಟುವಂತಿಲ್ಲ.
ಐದನ್ನು ಕೊಯ್ದು ಒಂದು ಮಹಡಿ ಇಳಿದೆ.
ಅರ್ವೀಡ್ಸ್ ಎಣಿಸಿದರು, ನನಗೆ ತಿಳಿಯದ ಹಾಗೆ, ಬರೀ ಕಣ್ಣಲ್ಲಿ.
ಮನೆಯಲ್ಲಿ ಹೂದಾನಿ ಇರಲಿಲ್ಲ.
ಸೌತೆ ಉಪ್ಪಿನಕಾಯಿಯ ಜಾಡಿ ತೊಳೆದು, ತುಂಬಿಸಿ,
ಸರಿಯಾಗಿ ಕಲೆಯ ಕೆಳಗೇ ಇಟ್ಟರು.

ಉಳಿದದ್ದು ಒಂದು.
ಅಮ್ಮನ ಗೋರಿಗೆ ಒಯ್ದರೆ ಅವಳು ಲೆಕ್ಕ ಕೇಳುತ್ತಾಳೆ:
ಇನ್ನೊಂದೆಲ್ಲಿ?
ಕಾಫಿ ಬಾಟಲಿಗೆ ನೀರು ಹಾಕಿ ಟ್ರಾಮಿನ ಗಾಜಿನ ಮುಂದೆ ಇಟ್ಟುಕೊಂಡೆ.
ಸೇತುವೆಯ ತಿರುವಿನಲ್ಲಿ ನಿಧಾನ ಮಾಡಿದೆ, ಮಾರುಕಟ್ಟೆಯ ಬಳಿ ಇನ್ನೂ ನಿಧಾನ.
ನಿಲ್ದಾಣದಲ್ಲಿ ಕಾದವರೆಲ್ಲ
ತಮ್ಮ ತಮ್ಮ ಗಡಿಯಾರ ಕಿವಿಗೆ ಹಿಡಿದು ನೋಡುತ್ತಿದ್ದರು.